ಹಿಮದ ಮೇಲೆ ಹಾದಿ ಮಾಡಿದ ಬೊಂಬಾರ್ಡಿಯೆ

ಹಿಮ ಬೀಳದ ನಾಡಿನವರಿಗೆ ಹಿಮವು ಕಣ್ಣಿಗೆ ಹಬ್ಬ. ವರ್ಷದಲ್ಲಿ ನಾಲ್ಕೈದು ತಿಂಗಳು ಅದರ ನಡುವೆಯೇ ಬಾಳಬೇಕಾದವರ ಅನುಭವ ಬೇರೆ. ಕೆನಡ ದೇಶದ ಪೂರ್ವಭಾಗದಲ್ಲಿರುವ ಕ್ವಿಬೆಕ್ ಪ್ರಾಂತದ ಹಳ್ಳಿಗಳಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ಕೆಲವು ದಶಕಗಳವರೆಗೆ, ಚಳಿಗಾಲ ಬಂತೆಂದರೆ ಮೋಟಾರು ಕಾರುಗಳು ಕೊಟ್ಟಿಗೆ ಸೇರುತ್ತಿದ್ದವು. ರಸ್ತೆಯ ಮೇಲೆ ಆಳೆತ್ತರದ ಹಿಮ ಬಿದ್ದಿರುತ್ತಿತ್ತು. ಕುದುರೆ ಎಳೆಯುವ ಜಾರುಬಂಡಿಯೊಂದೇ ಜನರಿಗೆ ಗತಿ. ಬಿರುಗಾಳಿ ಎದ್ದಾಗ ಅದೂ ಇಲ್ಲ. ವೈದ್ಯನು ರೋಗಿಯ ಬಳಿಗೆ ಬರುವಂತಿಲ್ಲ, ರೋಗಿಯನ್ನು ವೈದ್ಯನ ಬಳಿಗೆ ಒಯ್ಯುವಂತಿಲ್ಲ. ಇಂಥ ನಾಡಿನ ವ್ಯಾಲ್ಕೂರ್ ಎಂಬ ಪುಟ್ಟ ಊರಿನಲ್ಲಿ 1907ನೆಯ ಇಸವಿ ಏಪ್ರಿಲ್ 16ರಂದು ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಜನಿಸಿದನು.

ತಂದೆ ಆಲ್ಫ್ರೆಡ್ ಮೊದಲು ಬೇಸಾಯಗಾರ, ಆಮೇಲೆ ಅಂಗಡಿಯನ್ನಿಟ್ಟವನು, ತಾಯಿ ಆನಾ. ಎಂಟು ಮಕ್ಕಳಲ್ಲಿ ಅರ್ಮಾಂಡನೇ ಹಿರಿಯ. ಹುಡುಗನಿಗೆ ಬಾಲ್ಯದಿಂದಲೂ ಯಂತ್ರಗಳೆಂದರೆ ಪ್ರಾಣ. ಕೆಟ್ಟುಹೋದ ಗಡಿಯಾರ ಕೈಗೆ ಸಿಕ್ಕಿದರೆ ಸಾಕು, ಅದರ ಸುರುಳಿ, ಹಲ್ಲುಚಕ್ರಗಳನ್ನು ಬಿಚ್ಚಿ ಆಟಿಕೆಯ ಬಂಡಿ ದೋಣಿಗಳನ್ನು ಓಡಿಸುತ್ತಿದ್ದನು. ಮಗನು ಪಾದ್ರಿಯಾಗಬೇಕೆಂಬುದು ತಂದೆತಾಯಿಗಳ ಆಸೆ. ಆದುದರಿಂದ ಹದಿನಾಲ್ಕನೆಯ ವಯಸ್ಸಿನಲ್ಲಿ ಅವನನ್ನು ಶೆರ್ಬ್ರುಕ್ ನಗರದ ಧರ್ಮವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿಯೂ ಅವನ ಮನಸ್ಸು ಯಂತ್ರಗಳ ಸುತ್ತಲೇ ತಿರುಗುತ್ತಿತ್ತು.

ಅವನ ಹದಿನೈದನೆಯ ವಯಸ್ಸಿನಲ್ಲಿ ತಂದೆ ಒಂದು ಹಳೆಯ ಫೋರ್ಡ್ ಕಾರನ್ನು ಅವನಿಗೆ ಒಪ್ಪಿಸಿದನು. ಅದರ ಎಂಜಿನ್ನು ಕೆಟ್ಟಿತ್ತು. ಮಗನು ಅಂಗಡಿಯ ಬೇರೆ ಯಂತ್ರಗಳನ್ನು ಬಿಚ್ಚದೆ ಇದರಲ್ಲಿಯೇ ತೊಡಗಿರಲಿ ಎಂಬುದು ಬಹುಶಃ ತಂದೆಯ ಎಣಿಕೆ. ಅರ್ಮಾಂಡನು ಎಂಜಿನ್ನನ್ನು ದುರಸ್ತಿಮಾಡಿ, ಅದನ್ನು ಜಾರುಬಂಡಿಯ ಮೇಲೆ ಕೂಡಿಸಿ, ಅದರ ಹಿಂಬದಿಗೆ ವಿಮಾನಕ್ಕಿರುವಂಥ ಮರದ ಪಂಖವನ್ನು ಜೋಡಿಸಿದನು. 1922ರ ಡಿಸೆಂಬರ್ 31ರಂದು ಅವನೂ ಅವನ ತಮ್ಮ ಲಿಯೋಪೋಲ್ಡನೂ ಆ ವಿಚಿತ್ರ ವಾಹನವನ್ನೇರಿ ವ್ಯಾಲ್ಕೂರಿನ ಬೀದಿಗೆ ಬಂದರು. ಮುಂದೆ ತಮ್ಮನು ದಾರಿ ಹಿಡಿಸುತ್ತಿದ್ದನು. ಹಿಂದೆ ಅಣ್ಣನು ಎಂಜಿನ್ನನ್ನು ನೋಡಿಕೊಳ್ಳುತ್ತಿದ್ದನು. ಕಿವಿಗಡಚಿಕ್ಕುವ ಸದ್ದಿನೊಡನೆ ವಾಹನವು ಹಿಮದ ಮೇಲೆ ಓಡಿತು. ಊರಿನವರು ಬೆರಗಾಗಿ ನೋಡಿದರು. ತಂದೆ ಮಾತ್ರ ಬೆಚ್ಚಿದನು. ಬಯಲಿನಲ್ಲಿಯೇ ಗಿರ್ರನೆ ತಿರುಗುವ ಆ ಪಂಖಕ್ಕೆ ಯಾರಾದರೂ ಸಿಕ್ಕಿದ್ದರೆ ಗತಿಯೇನು? ಕೂಡಲೇ ಅದನ್ನು ಬಿಚ್ಚಿಹಾಕಬೇಕೆಂದು ಅವನು ಆಜ್ಞೆಮಾಡಿದನು. ಆಜ್ಞೆ ನ್ಯಾಯವಾದುದೇ. ಹುಡುಗರು ವಾಹನವನ್ನು ಬಿಚ್ಚಿದರು. ಆದರೆ ಹಿಮದ ಮೇಲೆ ಎಂಜಿನ್ನಿನ ಬಲದಿಂದ ಓಡಬಹುದೆಂಬ ಎಣಿಕೆಯನ್ನು ಅಣ್ಣನು ಬಿಡಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ಅರ್ಮಾಂಡನು ತಂದೆಯನ್ನು ಒಪ್ಪಿಸಿ ಧರ್ಮವಿದ್ಯಾಲಯವನ್ನು ಬಿಟ್ಟನು. ಕೆಲಕಾಲ ಗ್ಯಾರೇಜಿನಲ್ಲಿ ಕೆಲಸ ಕಲಿತು, ಬಳಿಕ ಮಾಂಟ್ರಿಯಲ್ ನಗರಕ್ಕೆ ಹೋದನು. ಹಗಲೆಲ್ಲ ದುಡಿದು, ಸಂಜೆಯ ತರಗತಿಗಳಲ್ಲಿ ಯಂತ್ರಶಾಸ್ತ್ರವನ್ನೂ ವಿದ್ಯುಚ್ಛಾಸ್ತ್ರವನ್ನೂ ಕಲಿತನು. ಅವನ ಮನೆಮಾತು ಫ್ರೆಂಚ್. ವಿಜ್ಞಾನ ಪತ್ರಿಕೆಗಳನ್ನು ಓದುವುದಕ್ಕಾಗಿ ಇಂಗ್ಲಿಷನ್ನೂ ಅಭ್ಯಾಸಮಾಡಿದನು. 1926ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಊರಿಗೆ ಮರಳಿ ತಂದೆಯ ನೆರವಿನಿಂದ ಸ್ವಂತ ಗ್ಯಾರೇಜು ತೆರೆದನು. ಪಕ್ಕದ ತೊರೆಗೆ ಕಟ್ಟೆ ಕಟ್ಟಿ, ಅದರ ನೀರಿನ ಬಲವನ್ನು ತನ್ನ ಯಂತ್ರಗಳಿಗೆ ಬಳಸಿಕೊಂಡನೆಂಬುದರಿಂದ ಅವನ ಸ್ವಭಾವವನ್ನು ಊಹಿಸಬಹುದು. ಕೆಲವೇ ವರ್ಷಗಳಲ್ಲಿ ತಂದೆಯ ಸಾಲ ತೀರಿತು. 1929ರಲ್ಲಿ ಇವೊನ್ ಲಾಬ್ರೆಕ್ ಎಂಬವಳೊಡನೆ ಅವನ ವಿವಾಹವಾಯಿತು.

ಬೇಸಗೆಯಲ್ಲಿ ಗ್ಯಾರೇಜಿಗೆ ಬಿಡುವಿಲ್ಲದ ಕೆಲಸ. ಚಳಿಗಾಲದಲ್ಲಿ ಬಿಡುವೇ ಬಿಡುವು. ಆ ಬಿಡುವಿನಲ್ಲಿ ಅವನು ಹಿಮವಾಹನದ ಪ್ರಯೋಗಗಳನ್ನು ನಡೆಸಿದನು. ಇಬ್ಬರು ಕುಳಿತು ಹೋಗಬಲ್ಲ ಹಗುರವಾದ ಚಿಕ್ಕ ವಾಹನವನ್ನು ಮಾಡಬೇಕೆಂಬುದು ಅವನ ಮೊದಲ ಬಯಕೆ. ಅದಕ್ಕೆ ಅಡ್ಡಬಂದದ್ದು ಎಂಜಿನ್ನು. ಆ ಕಾಲದ ಎಂಜಿನ್ನುಗಳು ಕಾರಿಗಾಗಿ ಮಾಡಿದವು, ಬಲು ಭಾರ. ಚಿಕ್ಕ ವಾಹನದ ಮೇಲೆ ಅಂಥದನ್ನು ಹೇರಿದರೆ ಅದು ಮೆತ್ತನೆಯ ಹಿಮದಲ್ಲಿ ಹುಗಿದುಹೋಗುತ್ತಿತ್ತು. ಕಡಮೆ ಭಾರದ ಎಂಜಿನ್ನುಗಳಲ್ಲಿ ನಂಬಬಹುದಾದುದು ಒಂದೂ ಇರಲಿಲ್ಲ. ಊರಿನಿಂದ ಹತ್ತು ಮೈಲಿ ದೂರದಲ್ಲಿ, ಕೊರೆಯುವ ಚಳಿಯಲ್ಲಿ ಎಂಜಿನ್ನು ನಿಂತುಹೋದರೆ ಪ್ರಯಾಣಿಕನ ಪ್ರಾಣಕ್ಕೇ ಸಂಚಕಾರ. ಆದುದರಿಂದ ಅವನು ಚಿಕ್ಕ ವಾಹನದ ಯೋಚನೆಯನ್ನು ಬದಿಗಿಟ್ಟು, ಭಾರವಾದ ಎಂಜಿನ್ನನ್ನು ಹೊರಬಲ್ಲ ದೊಡ್ಡ ವಾಹನದ ಕಡೆಗೆ ತಿರುಗಿದನು.

ಈ ಪ್ರಯೋಗಗಳು ಇನ್ನೂ ನಡೆಯುತ್ತಿದ್ದಾಗ, 1934ರ ಚಳಿಗಾಲದಲ್ಲಿ, ಅವನ ಎರಡು ವರ್ಷದ ಮಗ ಇವೋನನಿಗೆ ಕರುಳುಬಾಲದ ಉರಿಯೂತ ಉಂಟಾಯಿತು. ತಕ್ಷಣ ಶಸ್ತ್ರಚಿಕಿತ್ಸೆ ನಡೆದಿದ್ದರೆ ಮಗು ಬದುಕಬಹುದಿತ್ತು. ಆಸ್ಪತ್ರೆ ಇದ್ದುದು ಹತ್ತಾರು ಕಿಲೋಮೀಟರು ದೂರದಲ್ಲಿ. ದಾರಿಗಳೆಲ್ಲ ಹಿಮದಲ್ಲಿ ಮುಚ್ಚಿಹೋಗಿದ್ದವು. ಗ್ಯಾರೇಜಿನಲ್ಲಿದ್ದ ಪ್ರಯೋಗದ ವಾಹನಗಳಲ್ಲಿ ಒಂದೂ ಅಷ್ಟು ದೂರದ ಪಯಣಕ್ಕೆ ಸಿದ್ಧವಾಗಿರಲಿಲ್ಲ. ಹಿಮದ ಮೇಲೆ ಓಡುವ ಯಂತ್ರಕ್ಕಾಗಿ ಹನ್ನೆರಡು ವರ್ಷಗಳಿಂದ ಹೆಣಗುತ್ತಿದ್ದವನ ಮನೆಯಲ್ಲಿಯೇ, ಅಂಥ ಯಂತ್ರವಿಲ್ಲದೆ ಮಗು ತೀರಿಕೊಂಡಿತು.

ಅರ್ಮಾಂಡನು ಮಿತಭಾಷಿ. ದುಃಖವನ್ನು ನುಂಗಿ ಕೆಲಸದಲ್ಲಿ ಮುಳುಗಿದನು. 1935ರಲ್ಲಿ ಅವನಿಗೆ ಪರಿಹಾರ ದೊರೆಯಿತು. ವಾಹನದ ಹಿಂಭಾಗದಲ್ಲಿ ಗಾಲಿಗಳ ಸುತ್ತ ತಿರುಗುವ ಒಂದು ಪಟ್ಟೆ. ಅದರಲ್ಲಿ ಎರಡು ರಬ್ಬರು ಪಟ್ಟಿಗಳು, ಅವುಗಳನ್ನು ಕೂಡಿಸುವ ಉಕ್ಕಿನ ಅಡ್ಡಪಟ್ಟಿಗಳು. ಈ ಪಟ್ಟೆಯನ್ನು ಎಳೆಯುವ ಹಲ್ಲುಚಕ್ರಕ್ಕೂ ರಬ್ಬರಿನ ಹೊದಿಕೆ. ಹಲ್ಲುಗಳು ಅಡ್ಡಪಟ್ಟಿಗಳಿಗೆ ಸಿಕ್ಕಿ ಪಟ್ಟೆಯನ್ನು ತಿರುಗಿಸಿದಾಗ ವಾಹನದ ಭಾರವು ಅಗಲವಾದ ಜಾಗದ ಮೇಲೆ ಹರಡಿ, ಅದು ಹಿಮದಲ್ಲಿ ಹೂತುಕೊಳ್ಳದೆ ಮುಂದೆ ಸಾಗುತ್ತಿತ್ತು. ಮುಂದುಗಡೆ ಗಾಲಿಗಳಿಗೆ ಬದಲಾಗಿ ಎರಡು ಜಾರುಹಲಗೆಗಳು. ಮೇಲ್ನೋಟಕ್ಕೆ ಸರಳವೆಂದು ತೋರುವ ಈ ಏರ್ಪಾಟಿಗೆ 1937ರ ಜೂನ್ ತಿಂಗಳಲ್ಲಿ ಪೇಟೆಂಟು ದೊರೆಯಿತು. ಏಳು ಜನ ಕುಳಿತುಕೊಳ್ಳಬಹುದಾದ ಆ ವಾಹನಕ್ಕೆ ಬಿ-7 ಎಂದು ಹೆಸರಿಟ್ಟನು.

ಹಿಮವಾಹನವನ್ನು ಮೊದಲು ಕಂಡುಹಿಡಿದವನು ಇವನೊಬ್ಬನೇ ಎನ್ನುವುದು ಸರಿಯಲ್ಲ. ಅಮೆರಿಕದ ನ್ಯೂಹ್ಯಾಂಪ್‌ಷೈರಿನಲ್ಲಿ ವರ್ಜಿಲ್ ವೈಟ್ ಎಂಬವನು ಫೋರ್ಡ್ ಕಾರುಗಳಿಗೆ ಪಟ್ಟೆಯನ್ನೂ ಜಾರುಹಲಗೆಯನ್ನೂ ಜೋಡಿಸಿ ಮಾರಿದ್ದನು. ವಿಸ್ಕಾನ್ಸಿನ್ನಿನ ಕಾರ್ಲ್ ಎಲಿಯಾಸನ್ 1924ರಲ್ಲಿಯೇ ಮೋಟಾರಿನ ಜಾರುಬಂಡಿಯನ್ನು ಓಡಿಸಿದ್ದನು. ಆಳವಾದ ಮೆತ್ತನೆಯ ಹಿಮದಲ್ಲಿಯೂ ದಿನನಿತ್ಯ ನಂಬಿ ಹತ್ತಬಹುದಾದ ವಾಹನವನ್ನು ನಿರ್ಮಿಸಿ, ಅದನ್ನು ಕಾರ್ಖಾನೆಯಲ್ಲಿ ತಯಾರಿಸಿ ಜನರಿಗೆ ಒದಗಿಸಿದ್ದು ಬೊಂಬಾರ್ಡಿಯೆಯ ಸಾಧನೆ. ವೈದ್ಯರು, ಪಾದ್ರಿಗಳು, ಅಂಚೆಯವರು, ಹೋಟೆಲಿನ ಮಾಲೀಕರು ಅದನ್ನು ಕೊಂಡರು. ಮುಂದೆ ಬಂದ ಹನ್ನೆರಡು ಆಸನಗಳ ಬಿ-12 ವಾಹನವು ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವ ಗಾಡಿಯಾಗಿಯೂ ಬಳಕೆಗೆ ಬಂತು. ಅದಕ್ಕಿಂತ ದೊಡ್ಡದಾದ ಇನ್ನೊಂದು ವಾಹನವು ಹಳ್ಳಿಯ ಮಕ್ಕಳನ್ನು ಶಾಲೆಗೆ ಕರೆದೊಯ್ಯತೊಡಗಿತು. 1942ರಲ್ಲಿ ಅವನ ಉದ್ಯಮವು ಕಂಪನಿಯಾಗಿ ನೋಂದಣಿಯಾಯಿತು. ಯುದ್ಧಕಾಲದಲ್ಲಿ ಅದು ಸೈನ್ಯಕ್ಕೂ ವಾಹನಗಳನ್ನು ತಯಾರಿಸಿಕೊಟ್ಟಿತು.

1948ರಲ್ಲಿ ಅನಿರೀಕ್ಷಿತವಾದ ಪೆಟ್ಟೊಂದು ಬಿದ್ದಿತು. ಹಳ್ಳಿಯ ರಸ್ತೆಗಳಿಂದಲೂ ಹಿಮವನ್ನು ತೆಗೆಸಲು ಪ್ರಾಂತದ ಸರಕಾರ ಮುಂದಾಯಿತು. ಜನರಿಗೆ ಇದು ಒಳ್ಳೆಯದೇ. ಇನ್ನು ಚಳಿಗಾಲದಲ್ಲಿಯೂ ಅವರು ಸಾಮಾನ್ಯ ಕಾರಿನಲ್ಲಿಯೇ ಹೋಗಬಹುದಾಗಿತ್ತು. ಕಾರ್ಖಾನೆಯ ಮಾರಾಟ ಮಾತ್ರ ಒಮ್ಮೆಲೇ ಇಳಿಯಿತು. ಅರ್ಮಾಂಡನು ಕೈಕಟ್ಟಿ ಕೂರಲಿಲ್ಲ. ರಸ್ತೆಗಳು ತೆರವಾದರೂ ಕಾಡು, ಗಣಿ, ಜೌಗು ನೆಲಗಳಿಗೆ ಹಾದಿಯಿರಲಿಲ್ಲವಷ್ಟೆ! ಅಲ್ಲಿಗೆ ಬೇಕಾದ ಪಟ್ಟೆವಾಹನಗಳನ್ನು ರೂಪಿಸಿದನು. ಅವುಗಳಲ್ಲಿ 1953ರ ಮಸ್ಕೆಗ್ ಟ್ರ್ಯಾಕ್ಟರು ಹೆಸರಾಯಿತು.

ಇಷ್ಟರಲ್ಲಿ ಕಾಲ ಬದಲಾಗಿತ್ತು. ಐವತ್ತರ ದಶಕದ ಹೊತ್ತಿಗೆ ಚಿಕ್ಕದಾದ, ಹಗುರವಾದ, ನಂಬತಕ್ಕ ಎಂಜಿನ್ನುಗಳು ಮಾರುಕಟ್ಟೆಗೆ ಬಂದವು. ಅವನ ಹಿರಿಯ ಮಗ ಜರ್ಮೇನನು ಬೆಸುಗೆಯಿಲ್ಲದ ಒಂದೇ ತುಂಡಿನ ರಬ್ಬರು ಪಟ್ಟೆಯ ತಯಾರಿಕೆಯಲ್ಲಿ ತಂದೆಗೆ ನೆರವಾದನು. ಮೂವತ್ತು ವರ್ಷಗಳ ಹಿಂದೆ ಬದಿಗಿಟ್ಟಿದ್ದ ಚಿಕ್ಕ ವಾಹನದ ಯೋಚನೆಗೆ ಮತ್ತೆ ಜೀವ ಬಂತು. ಅರ್ಮಾಂಡನು ಅದಕ್ಕಾಗಿ ಕೋಹ್ಲರ್ ಕಂಪನಿಯ 7 ಅಶ್ವಶಕ್ತಿಯ ಎಂಜಿನ್ನನ್ನು ಆರಿಸಿಕೊಂಡನು. ಅದು ಫೋರ್ ಸ್ಟ್ರೋಕ್ ಮಾದರಿಯದು.

ಈ ಆಯ್ಕೆಯ ಅರ್ಥವನ್ನು ತಿಳಿಯಬೇಕಾದರೆ ಎಂಜಿನ್ನಿನೊಳಗೆ ನಡೆಯುವುದನ್ನು ನೋಡಬೇಕು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನು ನಾಲ್ಕು ಸಲ ಚಲಿಸುತ್ತದೆ: ಇಂಧನವನ್ನೂ ಗಾಳಿಯನ್ನೂ ಒಳಗೆಳೆಯಲು ಒಮ್ಮೆ, ಅದನ್ನು ಅದುಮಲು ಒಮ್ಮೆ, ಉರಿದ ಅನಿಲದ ಬಲಕ್ಕೆ ತಳ್ಳಲ್ಪಟ್ಟು ಒಮ್ಮೆ, ಹೊಗೆಯನ್ನು ಹೊರದೂಡಲು ಒಮ್ಮೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಇದೆಲ್ಲ ಎರಡೇ ಚಲನೆಯಲ್ಲಿ ಮುಗಿಯುತ್ತದೆ. ಅದು ಹಗುರ, ಚುರುಕು. ಆದರೆ ಎಣ್ಣೆಯನ್ನೂ ಸುಡುತ್ತದೆ, ಒಂದಿಷ್ಟು ಇಂಧನವನ್ನು ಉರಿಸದೆಯೇ ಹೊರಚೆಲ್ಲುತ್ತದೆ, ಹೆಚ್ಚು ಹೊಗೆಯುಗುಳುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿಗೆ ಭಾರ ಹೆಚ್ಚು. ಇಂಧನದ ಖರ್ಚು ಕಡಮೆ, ಸದ್ದೂ ಕಡಮೆ. ಹೆಚ್ಚು ಬಲ ಬೇಕೆಂಬ ಆಸೆಯಿಂದ 1960ರ ದಶಕದಲ್ಲಿ ಹಿಮವಾಹನಗಳು ಆಸ್ಟ್ರಿಯದ ರೋಟಾಕ್ಸ್‌ನಂಥ ಟೂ ಸ್ಟ್ರೋಕ್ ಎಂಜಿನ್ನುಗಳಿಗೆ ತಿರುಗಿದವು. ಹಲವು ದಶಕಗಳ ಬಳಿಕ ಆ ಹೊಗೆಯೇ ದೊಡ್ಡ ತೊಡಕಾಯಿತು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ ಚೀಟಿ ಕೊಡುವವರ ಕೊಠಡಿಗಳಿಗೆ ಹೊರಗಿನಿಂದ ಶುದ್ಧ ಗಾಳಿಯನ್ನು ಹಾಯಿಸಬೇಕಾಗಿ ಬಂದಿತೆಂದರೆ ಅದರ ತೀವ್ರತೆ ತಿಳಿಯುತ್ತದೆ. ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ಫೋರ್ ಸ್ಟ್ರೋಕ್ ಹಿಮವಾಹನಗಳು ಮತ್ತೆ ಕಾರ್ಖಾನೆಗಳಿಂದ ಹೊರಬಂದವು. ಇಂದು ಕ್ವಿಬೆಕ್ ಪ್ರಾಂತವೊಂದರಲ್ಲಿಯೇ ಹಿಮವನ್ನು ಅದುಮಿ ಮಟ್ಟಮಾಡಿದ ಹಾದಿಗಳು 30,000 ಕಿಲೋಮೀಟರಿಗೂ ಹೆಚ್ಚಾಗಿವೆ. ಇಂಥ ಗಟ್ಟಿ ಹಾದಿಯಲ್ಲಿ ಎಂಜಿನ್ನಿನ ಭಾರ ಅಷ್ಟಾಗಿ ಬಾಧಿಸುವುದಿಲ್ಲ. ಆದುದರಿಂದ ಮೊದಲ ಸಲ ವಾಹನ ಕೊಳ್ಳುವವರಲ್ಲಿ ಹಲವರು ಫೋರ್ ಸ್ಟ್ರೋಕನ್ನೇ ಆರಿಸುತ್ತಾರೆ. ಬೆಟ್ಟದ ಆಳವಾದ ಹಿಮದಲ್ಲಿ ಓಡಾಡುವವರು ಈಗಲೂ ಹಗುರವಾದುದನ್ನೇ ಬಯಸುತ್ತಾರೆ. 1920ರ ದಶಕದಲ್ಲಿ ಗ್ಯಾರೇಜಿನ ಯುವಕನನ್ನು ಕಾಡಿದ ಪ್ರಶ್ನೆ ಇದೇ: ಎಂಥ ಹಿಮಕ್ಕೆ ಎಷ್ಟು ಭಾರ?

ಅರ್ಮಾಂಡನ ಚಿಕ್ಕ ವಾಹನ 1959ರಲ್ಲಿ ಸಿದ್ಧವಾಯಿತು. ಅದಕ್ಕೆ ಮರದ ಜಾರುಹಲಗೆಗಳಿದ್ದವು. ವೇಗ ಗಂಟೆಗೆ ಸುಮಾರು 40 ಕಿಲೋಮೀಟರು. ಅದನ್ನು ಪರೀಕ್ಷಿಸಲು ಅವನು ಆರಿಸಿಕೊಂಡ ಸ್ಥಳ ಆಂಟೇರಿಯೋ ಪ್ರಾಂತದ ಉತ್ತರದ ಕಾಡಿನಲ್ಲಿರುವ ಲ್ಯಾನ್ಸ್‌ಡೌನ್ ಹೌಸ್ ಎಂಬ ಹಳ್ಳಿ. ಅಲ್ಲಿ ಒಜಿಬ್ವೆ ಜನರ ನಡುವೆ ಅವನ ಗೆಳೆಯನಾದ ಮಾರಿಸ್ ಉಯ್ಮೆ ಎಂಬ ಪಾದ್ರಿ ವಾಸವಾಗಿದ್ದನು. ಆ ಕಡೆಯ ಜನ ನಾಯಿಗಳು ಎಳೆಯುವ ಬಂಡಿಯಲ್ಲಿ ತಿರುಗುತ್ತಿದ್ದರು. ಹೊಸ ವಾಹನವು ನಾಯಿಬಂಡಿ ಹೋಗಬಲ್ಲ ಕಡೆಗೆಲ್ಲ ಹೋಯಿತು. ಕಾಡಿನಲ್ಲಿ ಬೇಟೆಯಾಡುವವರಿಗೆ, ದೂರದ ರೋಗಿಗಳನ್ನು ನೋಡಹೋಗುವವರಿಗೆ ಇದು ಉಪಯೋಗವಾದೀತೆಂದು ಅರ್ಮಾಂಡನು ಭಾವಿಸಿದ್ದನು. ವಾಹನಕ್ಕೆ ಸ್ಕೀ-ಡೂ ಎಂಬ ಹೆಸರು ನಿಂತಿತು.

ಮೊದಲ ವರ್ಷ ಮಾರಾಟವಾದುವು 225. ಕೊಂಡವರಲ್ಲಿ ಬೇಟೆಗಾರರು ಮಾತ್ರವಲ್ಲದೆ ಬರಿಯ ಸಂತೋಷಕ್ಕಾಗಿ ಹಿಮದ ಮೇಲೆ ಸುತ್ತಲು ಬಯಸುವವರೂ ಇದ್ದರು. ಇಂಥವರ ಸಂಖ್ಯೆ ಬೇಗಬೇಗನೆ ಬೆಳೆಯಿತು. ಅರ್ಮಾಂಡನಿಗೆ ಇದು ಹಿಗ್ಗಿನ ಜೊತೆಗೆ ಅಳುಕನ್ನೂ ತಂದಿತು. 1948ರ ಪೆಟ್ಟನ್ನು ಅವನು ಮರೆತಿರಲಿಲ್ಲ. ಒಂದೇ ವಾಹನವನ್ನು ನಂಬಿ ಕಾರ್ಖಾನೆಯನ್ನು ನಡೆಸುವುದು ಅಪಾಯವೆಂದು ಬಗೆದು ಕಾಡು ಗಣಿಗಳ ದೊಡ್ಡ ವಾಹನಗಳ ತಯಾರಿಕೆಯನ್ನೂ ಮುಂದುವರಿಸಿದನು. ವಯಸ್ಸಾದರೂ ಕಾರ್ಖಾನೆಯ ಕೆಲಸದಲ್ಲಿ ಸ್ವತಃ ಕೈಹಾಕುವುದನ್ನು ಬಿಡಲಿಲ್ಲ. ಜೀವಮಾನದಲ್ಲಿ ಅವನಿಗೆ ದೊರೆತ ಪೇಟೆಂಟುಗಳು 40ಕ್ಕೂ ಹೆಚ್ಚು.

1964ನೆಯ ಇಸವಿ ಫೆಬ್ರವರಿ 18ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಅರ್ಮಾಂಡ್ ಬೊಂಬಾರ್ಡಿಯೆ ಕ್ಯಾನ್ಸರ್ ರೋಗದಿಂದ ನಿಧನನಾದನು. ಆ ಚಳಿಗಾಲದಲ್ಲಿ 8,210 ಸ್ಕೀ-ಡೂಗಳು ಮಾರಾಟವಾಗಿದ್ದವು. ಅವನ ಬಳಿಕ ಕಂಪನಿಯು ರೈಲುಗಳನ್ನೂ ವಿಮಾನಗಳನ್ನೂ ತಯಾರಿಸುವಷ್ಟು ಬೆಳೆಯಿತು. 2003ರಲ್ಲಿ ಹಿಮವಾಹನಗಳ ವಿಭಾಗವು ಅದರಿಂದ ಬೇರೆಯಾಯಿತು. ವ್ಯಾಲ್ಕೂರಿನಲ್ಲಿ 1971ರಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಹತ್ತೊಂಬತ್ತರ ಹರೆಯದಲ್ಲಿ ಅವನು ತೆರೆದ ಗ್ಯಾರೇಜನ್ನು ಅಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.