ರೋಬ್ಲಿಂಗ್ ಮನೆತನ

ಜರ್ಮನಿಯ ತುರಿಂಗಿಯಾ ಪ್ರಾಂತದಲ್ಲಿ ಮ್ಯೂಲ್‌ಹೌಸನ್ ಎಂಬ ಹಳೆಯ ಕೋಟೆಯ ಪಟ್ಟಣವಿದೆ. ೧೮೦೬ರ ಜೂನ್ ೧೨ರಂದು ಅಲ್ಲಿ ಹೊಗೆಸೊಪ್ಪಿನ ವ್ಯಾಪಾರಿಯೊಬ್ಬನ ಮನೆಯಲ್ಲಿ ಯೋಹಾನ್ ಆಗಸ್ಟ್ ರೋಬ್ಲಿಂಗ್ ಹುಟ್ಟಿದನು. ಮಗನು ಅಂಗಡಿಯಲ್ಲಿ ಕುಳಿತು ಕಾಲ ಕಳೆಯುವುದು ತಾಯಿಗೆ ಸಮ್ಮತವಿರಲಿಲ್ಲ. ಆಕೆಯ ಛಲದಿಂದಾಗಿ ಅವನು ಬರ್ಲಿನ್ ನಗರಕ್ಕೆ ಹೋಗಿ ಸೇತುವೆ ಕಟ್ಟುವ ವಿದ್ಯೆಯನ್ನು ಕಲಿತನು. ಓದಿನ ಮೇಲೆ ಪ್ರಷ್ಯದ ಸರಕಾರ ಅವನಿಗೆ ರಸ್ತೆ ಮಾಡಿಸುವ ಕೆಲಸ ಕೊಟ್ಟಿತು. ತೂಗುಸೇತುವೆಯ ಕನಸು ಕಂಡವನಿಗೆ ದೊರೆತದ್ದು ಜಲ್ಲಿಕಲ್ಲು. ಅದನ್ನೂ ಮೇಲಧಿಕಾರಿಗಳ ಅಪ್ಪಣೆಯಿಲ್ಲದೆ ಹರಡುವಂತಿರಲಿಲ್ಲ. ೧೮೩೧ರಲ್ಲಿ, ಇಪ್ಪತ್ತೈದು ವರ್ಷ ತುಂಬುವ ಹೊತ್ತಿಗೆ, ಅವನು ಅಣ್ಣ ಕಾರ್ಲನೊಡನೆ ಹಡಗು ಹತ್ತಿ ಅಮೆರಿಕೆಗೆ ಹೊರಟನು.

ಸೋದರರು ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಒಂದೂವರೆ ಸಾವಿರ ಎಕರೆಗೂ ಮಿಗಿಲಾದ ಭೂಮಿಯನ್ನು ಕೊಂಡು ಸ್ಯಾಕ್ಸನ್‌ಬರ್ಗ್ ಎಂಬ ಊರನ್ನು ಕಟ್ಟಿದರು. ಅಲ್ಲಿ ಬಂದು ನೆಲಸಿದವರೂ ಜರ್ಮನರೇ. ಮನೆಯಲ್ಲಿ, ಬೀದಿಯಲ್ಲಿ, ಚರ್ಚಿನಲ್ಲಿ ಜರ್ಮನ್ ಮಾತೇ. ಯೋಹಾನನು ಜಾನ್ ಎಂದು ಹೆಸರು ಬದಲಾಯಿಸಿಕೊಂಡನು. ತನ್ನ ಪಟ್ಟಣದಿಂದಲೇ ಬಂದಿದ್ದ ದರ್ಜಿಯೊಬ್ಬನ ಮಗಳನ್ನು ಮದುವೆಯಾದನು. ಆದರೆ ಬೇಸಾಯ ಅವನಿಗೆ ಒಗ್ಗಲಿಲ್ಲ. ೧೮೩೭ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಹಿರಿಯ ಮಗ ವಾಷಿಂಗ್ಟನ್ ಹುಟ್ಟಿದನು. ಜಾನ್ ನೇಗಿಲನ್ನು ಬದಿಗಿಟ್ಟು ಮತ್ತೆ ಇಂಜಿನಿಯರನ ಕೆಲಸಕ್ಕೆ ಹೊರಟನು.

ಆ ಕಾಲದಲ್ಲಿ ಪೆನ್ಸಿಲ್ವೇನಿಯಾದ ಕಾಲುವೆಯ ದೋಣಿಗಳನ್ನು ಗಾಡಿಗಳ ಮೇಲೇರಿಸಿ, ಬೆಟ್ಟದ ಹಳಿಗಳ ಮೇಲೆ ನಾರಿನ ಹಗ್ಗದಿಂದ ಎಳೆಯುತ್ತಿದ್ದರು. ಹಗ್ಗ ಬೇಗ ಸವೆಯುತ್ತಿತ್ತು. ಹರಿದರೆ ಪ್ರಾಣಕ್ಕೇ ಸಂಚಕಾರ. ೧೮೪೧ರಲ್ಲಿ ಜಾನ್ ಕಬ್ಬಿಣದ ತಂತಿಗಳನ್ನು ಹೊಸೆದು ಹಗ್ಗ ಮಾಡಿದನು. ಸ್ಯಾಕ್ಸನ್‌ಬರ್ಗಿನ ಹುಲ್ಲುಗಾವಲೇ ಅವನ ಕಾರ್ಖಾನೆ. ನೆರೆಯ ರೈತರೇ ಕೆಲಸಗಾರರು. ಹಗ್ಗಕ್ಕೆ ಬೇಡಿಕೆ ಹೆಚ್ಚಿತು. ಕೆಲವು ವರ್ಷಗಳ ನಂತರ ಅವನು ನ್ಯೂಜೆರ್ಸಿಯ ಟ್ರೆಂಟನ್ ನಗರದಲ್ಲಿ ದೊಡ್ಡ ಕಾರ್ಖಾನೆ ತೆರೆದನು. ೧೮೫೫ರಲ್ಲಿ ನಯಾಗರಾ ಕಮರಿಯ ಮೇಲೆ ಅವನು ಕಟ್ಟಿದ ೮೨೧ ಅಡಿಯ ತೂಗುಸೇತುವೆಯ ಮೇಲೆ ರೈಲುಗಳು ಓಡಿದವು. ಅಂಥ ಸೇತುವೆ ರೈಲಿನ ಭಾರವನ್ನು ತಡೆಯಲಾರದೆಂದು ಹಲವು ಇಂಜಿನಿಯರರು ನಂಬಿದ್ದ ಕಾಲವದು.

ಹೊರಗೆ ಕೀರ್ತಿವಂತನಾದ ಜಾನ್ ಮನೆಯೊಳಗೆ ಕಠಿಣ ಹೃದಯಿ. ಮಕ್ಕಳನ್ನು ನಿರ್ದಯವಾಗಿ ಹೊಡೆಯುತ್ತಿದ್ದನು. ಕಾಯಿಲೆ ಯಾವುದೇ ಇರಲಿ, ತಣ್ಣೀರೇ ಮದ್ದೆಂಬುದು ಅವನ ನಂಬಿಕೆ. ಅದನ್ನೂ ಮನೆಯವರ ಮೇಲೆ ಹೇರುತ್ತಿದ್ದನು. ವಾಷಿಂಗ್ಟನ್ ತಂದೆಗೆ ಹೆದರುತ್ತಲೇ ಬೆಳೆದನು; ಹೆದರುತ್ತಲೇ ತಂದೆಯ ವಿದ್ಯೆಯನ್ನೂ ಕಲಿತನು.

೧೮೬೧ರಲ್ಲಿ ಅಂತರ್ಯುದ್ಧ ಆರಂಭವಾದಾಗ ವಾಷಿಂಗ್ಟನ್ ಉತ್ತರದ ಸೈನ್ಯವನ್ನು ಸೇರಿದನು. ತನ್ನ ಸೇನಾಧಿಪತಿಯ ತಂಗಿ ಎಮಿಲಿ ವಾರೆನ್ನಳನ್ನು ೧೮೬೫ರಲ್ಲಿ ಮದುವೆಯಾದನು. ಎಮಿಲಿಯದು ಹಡ್ಸನ್ ನದಿಯ ದಂಡೆಯ ಅಮೆರಿಕನ್ ಮನೆತನ. ಜರ್ಮನ್ ಮನೆಗೆ ಬಂದ ಈ ಸೊಸೆಯ ಮೇಲೆ ಮುಂದೆ ಎಂಥ ಭಾರ ಬೀಳಲಿದೆಯೆಂದು ಆಗ ಯಾರೂ ಊಹಿಸಿರಲಾರರು. ೧೮೬೭ರಲ್ಲಿ, ನೀರಿನಡಿಯ ತಳಪಾಯಗಳನ್ನು ಹಾಕುವ ಕ್ರಮವನ್ನು ತಿಳಿಯಲು ಜಾನ್ ಅವರಿಬ್ಬರನ್ನು ಯೂರೋಪಿಗೆ ಕಳುಹಿಸಿದನು. ಪಯಣದ ನಡುವೆ ಎಮಿಲಿ ಗಂಡುಮಗುವನ್ನು ಹೆತ್ತಳು. ಅದು ಹುಟ್ಟಿದ್ದು ಮ್ಯೂಲ್‌ಹೌಸನ್ನಿನಲ್ಲಿ, ಅಜ್ಜ ಬಿಟ್ಟು ಬಂದಿದ್ದ ಊರಿನಲ್ಲಿ! ಅಜ್ಜನ ಹೆಸರನ್ನೇ ಮಗುವಿಗೆ ಇಟ್ಟರು.

ನ್ಯೂಯಾರ್ಕ್ ಮತ್ತು ಬ್ರೂಕ್ಲಿನ್ ಆಗ ಎರಡು ಬೇರೆ ನಗರಗಳು. ನಡುವೆ ಈಸ್ಟ್ ನದಿ. ಚಳಿಗಾಲದಲ್ಲಿ ಹಿಮಗಡ್ಡೆಗಳು ತುಂಬಿಕೊಂಡರೆ ದೋಣಿಗಳು ನಿಲ್ಲುತ್ತಿದ್ದವು. ಅಲ್ಲಿಗೆ ೧,೫೯೫ ಅಡಿಯ ನಡುಹರವುಳ್ಳ ತೂಗುಸೇತುವೆಯ ನಕ್ಷೆಯನ್ನು ಜಾನ್ ಸಿದ್ಧಪಡಿಸಿದನು. ೧೮೬೯ರ ಜೂನ್ ೨೮ರಂದು ಅವನು ದಡದಲ್ಲಿ ನಿಂತು ಅಳತೆ ನಡೆಸುತ್ತಿದ್ದಾಗ, ಬಂದು ತಾಗಿದ ದೋಣಿಯೊಂದರಿಂದ ಅವನ ಪಾದ ಜಜ್ಜಿಹೋಯಿತು. ಬೆರಳುಗಳನ್ನು ಕತ್ತರಿಸಬೇಕಾಯಿತು. ಆಮೇಲೆ ಅವನು ವೈದ್ಯರ ಮಾತು ಕೇಳಲಿಲ್ಲ. ಗಾಯದ ಮೇಲೆ ಸದಾ ನೀರು ಸುರಿಯಬೇಕೆಂದು ಹಟ ಹಿಡಿದನು. ಧನುರ್ವಾಯು ತಗಲಿ ಜುಲೈ ೨೨ರಂದು, ಮಗನ ಮನೆಯಲ್ಲಿ, ಕೊನೆಯುಸಿರೆಳೆದನು. ಮೂವತ್ತೆರಡು ವರ್ಷದ ವಾಷಿಂಗ್ಟನ್ ಮುಖ್ಯ ಇಂಜಿನಿಯರನಾದನು.

ಖಾಲಿ ಲೋಟವನ್ನು ಬೋರಲಾಗಿ ನೀರಿಗೆ ಒತ್ತಿದರೆ ಒಳಗಿನ ಗಾಳಿ ನೀರನ್ನು ತಡೆಯುವುದನ್ನು ನೀವು ಕಂಡಿರಬಹುದು. ಈ ತತ್ತ್ವದ ಮೇಲೆಯೇ ಮರದ ದೈತ್ಯ ಪೆಟ್ಟಿಗೆಗಳನ್ನು ನದಿಯ ತಳಕ್ಕೆ ಇಳಿಸಿ, ಒಳಗೆ ಒತ್ತಡದ ಗಾಳಿ ತುಂಬಿ, ಕೂಲಿಗಳು ನೆಲ ಅಗೆಯುತ್ತಿದ್ದರು. ಪೆಟ್ಟಿಗೆಯ ಮೇಲೆ ಕಲ್ಲಿನ ಗೋಪುರ ಏರುತ್ತಿತ್ತು. ಒತ್ತಡದಲ್ಲಿ ಗಾಳಿಯ ನೈಟ್ರೋಜನ್ ರಕ್ತದಲ್ಲಿ ಕರಗುತ್ತದೆ. ಅವಸರದಿಂದ ಮೇಲೆ ಬಂದರೆ, ಸೋಡಾ ಸೀಸೆಯ ಬಾಯಿ ತೆರೆದಂತೆ, ಅದು ಗುಳ್ಳೆಗಳಾಗಿ ಹೊಮ್ಮುತ್ತದೆ. ಆಗ ಇದಾರಿಗೂ ತಿಳಿದಿರಲಿಲ್ಲ. ಮೇಲೆ ಬಂದ ಕೂಲಿಗಳು ನೋವಿನಿಂದ ನರಳಿದರು, ಕೆಲವರು ಸತ್ತರು. ನ್ಯೂಯಾರ್ಕಿನ ಕಡೆ ೭೮ ಅಡಿ ಆಳಕ್ಕೆ ಹೋದರೂ ಬಂಡೆ ಪೂರ್ತಿಯಾಗಿ ಸಿಗಲಿಲ್ಲ. ಇನ್ನೂ ಅಗೆದರೆ ಇನ್ನಷ್ಟು ಜೀವಗಳು ಹೋಗುವುದು ಖಂಡಿತ. ವಾಷಿಂಗ್ಟನ್ ಬಿಗಿದ ಮರಳಿನ ಮೇಲೆಯೇ ಗೋಪುರ ನಿಲ್ಲಲಿ ಎಂದು ತೀರ್ಮಾನಿಸಿದನು. ಗೋಪುರ ಇಂದಿಗೂ ಆ ಮರಳಿನ ಮೇಲೆಯೇ ನಿಂತಿದೆ.

ಕೂಲಿಗಳೊಡನೆ ಮತ್ತೆ ಮತ್ತೆ ಕೆಳಗಿಳಿಯುತ್ತಿದ್ದ ಅವನನ್ನೂ ಆ ರೋಗ ಬಿಡಲಿಲ್ಲ. ೧೮೭೨ರಲ್ಲಿ ಅವನ ದೇಹ ಕುಸಿಯಿತು. ಮುಂದಿನ ವರ್ಷಗಳಲ್ಲಿ ಅವನು ಬ್ರೂಕ್ಲಿನ್ನಿನ ಮನೆಯ ಕಿಟಕಿಯಿಂದ ದುರ್ಬೀನಿನಲ್ಲಿ ಕೆಲಸವನ್ನು ನೋಡುತ್ತಿದ್ದನು. ಗಂಡನ ಸೂಚನೆಗಳನ್ನು ಎಮಿಲಿ ಬರೆದುಕೊಂಡು ಒಯ್ಯುತ್ತಿದ್ದಳು. ಒಯ್ದರೆ ಸಾಲದು, ಅರ್ಥಮಾಡಿಸಬೇಕು. ಅದಕ್ಕಾಗಿ ಗಣಿತವನ್ನೂ ತಂತಿಯ ಬಲಾಬಲವನ್ನೂ ಕಲಿತಳು. ಇಂಜಿನಿಯರರ ಪ್ರಶ್ನೆಗಳಿಗೆ ಆಕೆ ಉತ್ತರಿಸುತ್ತಿದ್ದುದನ್ನು ಕಂಡವರು, ನಿಜವಾದ ಮುಖ್ಯ ಇಂಜಿನಿಯರಳು ಈಕೆಯೇ ಎಂದುಕೊಂಡದ್ದುಂಟು.

೧೮೭೮ರಲ್ಲಿ ಮತ್ತೊಂದು ಆಘಾತವಾಯಿತು. ತಂತಿ ಒದಗಿಸುತ್ತಿದ್ದ ಗುತ್ತಿಗೆದಾರನು ತಿರಸ್ಕೃತವಾದ ತಂತಿಯನ್ನೇ ಕಳ್ಳತನದಿಂದ ಸಾಗಿಸುತ್ತಿದ್ದುದು ಬಯಲಾಯಿತು. ಹೊಸೆದುಹೋದ ತಂತಿಯನ್ನು ಬಿಚ್ಚುವಂತಿರಲಿಲ್ಲ. ಆದರೆ ಕೇಬಲ್ಲುಗಳಿಗೆ ಬೇಕಾದುದರ ಆರು ಪಟ್ಟು ಬಲವನ್ನು ಲೆಕ್ಕ ಹಾಕಿದ್ದರು. ಮೋಸ ಅದನ್ನು ಐದಕ್ಕೆ ಇಳಿಸಿತಷ್ಟೆ. ಪ್ರತಿ ಕೇಬಲ್ಲಿಗೂ ಇನ್ನೂ ೧೫೦ ಎಳೆಗಳನ್ನು ಸೇರಿಸಿ ವಾಷಿಂಗ್ಟನ್ ಕೆಲಸ ಮುಂದುವರಿಸಿದನು.

ಇಪ್ಪತ್ತಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡು ೧೮೮೩ರ ಮೇ ೨೪ರಂದು ಸೇತುವೆ ತೆರೆಯಿತು. ಕೆಲವು ದಿನ ಮೊದಲೇ ಎಮಿಲಿ, ವಿಜಯದ ಸಂಕೇತವಾಗಿ ಹುಂಜವೊಂದನ್ನು ಮಡಿಲಲ್ಲಿಟ್ಟುಕೊಂಡು, ಸಾರೋಟಿನಲ್ಲಿ ಅದನ್ನು ದಾಟಿದ್ದಳು. ಉತ್ಸವಕ್ಕೆ ವಾಷಿಂಗ್ಟನ್ ಹೋಗಲಾಗಲಿಲ್ಲ. ರಾಷ್ಟ್ರಾಧ್ಯಕ್ಷ ಆರ್ಥರನೇ ಅವನ ಮನೆಗೆ ಬಂದು ಕೈಕುಲುಕಿದನು.

ಟ್ರೆಂಟನ್ನಿನ ಕಾರ್ಖಾನೆಯನ್ನು ತಮ್ಮಂದಿರಾದ ಫರ್ಡಿನೆಂಡ್ ಮತ್ತು ಚಾರ್ಲ್ಸ್ ಬೆಳೆಸಿದರು. ಚಾರ್ಲ್ಸನ ಮಗ ೧೯೧೨ರಲ್ಲಿ ಟೈಟಾನಿಕ್ ಹಡಗಿನೊಡನೆ ಮುಳುಗಿದನು. ಮುತ್ತಜ್ಜನಂತೆ ಯಂತ್ರಗಳ ಹುಚ್ಚಿದ್ದ ಡೊನಾಲ್ಡ್, ನೆಲದ ಮೇಲೂ ನೀರಿನ ಮೇಲೂ ಚಲಿಸುವ ವಾಹನವನ್ನು ರೂಪಿಸಿದನು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಅದನ್ನು ಬಳಸಿತು. ೧೯೩೭ರ ಗೋಲ್ಡನ್ ಗೇಟ್ ಸೇತುವೆಯ ಕೇಬಲ್ಲುಗಳೂ ರೋಬ್ಲಿಂಗರವೇ. ೧೯೫೦ರ ದಶಕದ ಆರಂಭದಲ್ಲಿ ಕಾರ್ಖಾನೆ ಪರರ ಪಾಲಾಯಿತು.

ಎಮಿಲಿ ೧೯೦೩ರಲ್ಲಿ ತೀರಿಕೊಂಡಳು. ರೋಗಿಷ್ಠನಾದ ವಾಷಿಂಗ್ಟನ್ ಆಕೆಗಿಂತಲೂ, ಗಟ್ಟಿಮುಟ್ಟಾಗಿದ್ದ ತಮ್ಮಂದಿರಿಗಿಂತಲೂ ಹೆಚ್ಚು ಕಾಲ ಬದುಕಿದನು. ೧೯೨೧ರಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಕಾರ್ಖಾನೆಯ ಹೊಣೆಯನ್ನು ಮತ್ತೆ ಹೊತ್ತನು. ೧೯೨೬ರಲ್ಲಿ ತೀರುವವರೆಗೂ ಬಿಡಲಿಲ್ಲ. ಇಳಿವಯಸ್ಸಿನಲ್ಲಿ ಅವನು ತಂದೆಯ ಜೀವನಚರಿತ್ರೆಯನ್ನು ಬರೆದಿದ್ದನು. ತಂದೆಯ ವಿದ್ಯೆಯ ಮೇಲಿನ ಗೌರವ, ಬಾಲ್ಯದ ಪೆಟ್ಟುಗಳ ನೋವು ಎರಡನ್ನೂ ಅದರಲ್ಲಿ ಮುಚ್ಚಿಡದೆ ಹೇಳಿದ್ದಾನೆ. ಅದು ಪುಸ್ತಕವಾಗಿ ಅಚ್ಚಾದದ್ದು ೨೦೦೯ರಲ್ಲಿ.