ಎಚ್.ಎಂ. 14: ಆಕಾಶದ ಹೇನು ಮತ್ತು ಅದರ 13 ಅಣ್ಣಂದಿರು

ಎಚ್.ಎಂ. ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಪ್ರೈಮರಿ ಸ್ಕೂಲಿನ ಹೆಡ್‌ಮಾಸ್ತರು. ಈ ಲೇಖನದ ಎಚ್.ಎಂ. ಅವರಲ್ಲ. ಇದು ಫ್ರಾನ್ಸಿನ ಆಂರಿ ಮಿನ್ಯೆ ಎಂಬಾತನ ಹೆಸರಿನ ಮೊದಲ ಅಕ್ಷರಗಳು. ಫ್ರೆಂಚರು ಎಚ್ ಬರೀತಾರೆ, ಉಚ್ಚರಿಸಲ್ಲ, ಹಾಗಾಗಿ ಹೆನ್ರಿ ಅಲ್ಲ, ಆಂರಿ. ಆತ ತಾನು ರೂಪಿಸಿದ ಪ್ರತಿ ವಿಮಾನಕ್ಕೂ ಈ ಎರಡಕ್ಷರ ಹಾಕಿ, ಪಕ್ಕದಲ್ಲೊಂದು ಸಂಖ್ಯೆ ಬರೆದ. ಜಗತ್ತಿಗೆ ಗೊತ್ತಾಗಿದ್ದು ಅದರಲ್ಲಿ ಮುಖ್ಯವಾಗಿ ಒಂದೇ, ಎಚ್.ಎಂ. 14. ಆದರೆ ಆ ಮನುಷ್ಯನ ಬದುಕನ್ನು ಅರ್ಥ ಮಾಡ್ಕೋಬೇಕು ಅಂದ್ರೆ 14ಕ್ಕೆ ಮೊದಲಿನ ಸಂಖ್ಯೆಗಳನ್ನೂ ಆಮೇಲಿನ ಸಂಖ್ಯೆಗಳನ್ನೂ ನೋಡಬೇಕು.

ಮಿನ್ಯೆ ಹುಟ್ಟಿದ್ದು 1893ರಲ್ಲಿ, ಫ್ರಾನ್ಸಿನ ಪಶ್ಚಿಮ ಭಾಗದಲ್ಲಿ. ರೈಟ್ ಸಹೋದರರು ಯುರೋಪಿಗೆ ಬಂದು ಹಾರಿ ತೋರಿಸಿದಾಗ ಆತನಿಗೆ ಹದಿನಾಲ್ಕು ಹದಿನೈದು ವರ್ಷ. ಹುಚ್ಚು ಹಿಡಿಯೋದಕ್ಕೆ ಸರಿಯಾದ ವಯಸ್ಸು. ಜರ್ಮನಿಯ ಲಿಲಿಯೆಂಥಾಲ್‌ನ ಗ್ಲೈಡರುಗಳ ಪ್ರಭಾವದಲ್ಲಿ 1912ರಲ್ಲಿ ತಾನೇ ಒಂದು ಗ್ಲೈಡರ್ ಕಟ್ಟಿದ. ಎಚ್.ಎಂ. ಸರಣಿಯ ಲೆಕ್ಕ ಶುರುವಾಗೋದು ಅಲ್ಲಿಂದ. ಮೊದಲ ಮಹಾಯುದ್ಧದಲ್ಲಿ ಆತನದ್ದು ವೈರ್‌ಲೆಸ್ ಕೆಲಸ. ವೃತ್ತಿಯಿಂದಲೂ ರೇಡಿಯೋ ಎಂಜಿನಿಯರ್. ವಿಮಾನ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಪಳಗಿದ ಆಸಾಮಿ ಅಲ್ಲ ಅನ್ನೋದನ್ನ ನೆನಪಿಟ್ಕೊಳ್ಳಿ. ಆತನ ಒಳ್ಳೆಯದೂ ಕೆಟ್ಟದೂ ಎರಡೂ ಅಲ್ಲಿಂದಲೇ ಬಂದವು.

ಯುದ್ಧ ಮುಗಿದ ಮೇಲೆ ಒಂದರ ಹಿಂದೆ ಒಂದು ಪ್ರಯೋಗ. ಮೂರನೆಯದಕ್ಕೆ ಒಂಟೆಯ ಹೆಸರು, ನಡುವೆ ಹೆಲಿಕಾಪ್ಟರ್ ಮಾಡುವ ಪ್ರಯತ್ನವೂ ಆಯ್ತು. ಈ ಶುರುವಿನ ಯಂತ್ರಗಳಲ್ಲಿ ಯಾವುದೂ ಹೇಳಿಕೊಳ್ಳುವ ಹಾಗೆ ಹಾರಲಿಲ್ಲ. ಕೆಲವು ನೆಲ ಬಿಡೋದೇ ಕಷ್ಟ. ಬೇರೆಯವರಾಗಿದ್ದರೆ ಹಾರದೇ ಇದ್ದದ್ದನ್ನು ಶೆಡ್ಡಿನ ಮೂಲೆಗೆ ತಳ್ಳಿ, ಹಾರಿದ್ದಕ್ಕೆ ನಂಬರ್ 1 ಅಂತ ಹೆಸರಿಡ್ತಿದ್ದರೋ ಏನೋ. ಮಿನ್ಯೆ ಹಾಗೆ ಮಾಡಲಿಲ್ಲ. ಹಾರದ್ದಕ್ಕೂ ಒಂದು ಸಂಖ್ಯೆ, ಮುರಿದದ್ದಕ್ಕೂ ಒಂದು ಸಂಖ್ಯೆ. ಈ ಲೆಕ್ಕದ ಪ್ರಾಮಾಣಿಕತೆಗೆ ನಾನಂತೂ ಮೊದಲು ತಲೆಬಾಗ್ತೀನಿ. ನಮ್ಮ ಪ್ರಾಜೆಕ್ಟ್ ಫೋಲ್ಡರಿನಲ್ಲಿ ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ನ್ಯೂ 2’ ಅಂತ ಫೈಲ್ ಇಡುವ ನಾವು ಇದನ್ನ ಸ್ವಲ್ಪ ಗಮನಿಸಬೇಕು.

ಮೊದಲು ಕೈ ಹಿಡಿದದ್ದು ಎಚ್.ಎಂ. 8. ಒಬ್ಬರೇ ಕೂರುವ, ರೆಕ್ಕೆ ತಲೆಯ ಮೇಲಿರುವ, ನೋಡೋದಕ್ಕೆ ಎಲ್ಲ ವಿಮಾನಗಳ ಹಾಗೇ ಇರುವ ಪುಟ್ಟ ಯಂತ್ರ. 1928ರಲ್ಲಿ ‘ಲೆ ಝೆಲ್’ ಎಂಬ ಫ್ರೆಂಚ್ ವಿಮಾನ ಪತ್ರಿಕೆಯಲ್ಲಿ ಮಿನ್ಯೆ ಒಂದು ಲೇಖನ ಬರೆದ. ಸಾಮಾನ್ಯ ಮನುಷ್ಯ ತನ್ನ ವಿಮಾನವನ್ನು ತಾನೇ ಕಟ್ಟಿಕೊಳ್ಳಬಹುದೇ ಅನ್ನೋದು ಅದರ ಪ್ರಶ್ನೆ, ಕಟ್ಟಬಹುದು ಅನ್ನೋದು ಆತನ ಉತ್ತರ. ಓದುಗರ ಪತ್ರಗಳು ರಾಶಿ ಬಿದ್ದವು. ಆಮೇಲೆ ಎಚ್.ಎಂ. 8 ಕಟ್ಟುವ ವಿಧಾನವನ್ನೇ ಪುಸ್ತಕ ಮಾಡಿದ. ಅದನ್ನು ನೋಡಿಕೊಂಡು ಸುಮಾರು 200 ಜನ ವಿಮಾನ ಕಟ್ಟಿದರು ಎನ್ನುತ್ತದೆ ಇತಿಹಾಸ.

ಇಲ್ಲಿಗೆ ನಿಲ್ಲಿಸಿದ್ದರೂ ಒಂದು ಒಳ್ಳೆಯ ಬದುಕೇ. ಆದರೆ ಆತನಿಗೊಂದು ಕೊರಗಿತ್ತು. ತನ್ನ ವಿಮಾನ ಚೆನ್ನಾಗಿದ್ದರೂ ತನಗೇ ಅದನ್ನು ಚೆನ್ನಾಗಿ ಓಡಿಸೋಕೆ ಬರ್ತಿರಲಿಲ್ಲ. ಮಾಮೂಲಿ ವಿಮಾನ ತಿರುಗಿಸೋವಾಗ ಕೈಯಲ್ಲಿ ಸ್ಟಿಕ್ ಹಿಡಿದು ರೆಕ್ಕೆಯ ಏಲರಾನ್ ಆಡಿಸಬೇಕು, ಅದೇ ಹೊತ್ತಿಗೆ ಕಾಲಲ್ಲಿ ಪೆಡಲ್ ಒತ್ತಿ ರಡ್ಡರ್ ಆಡಿಸಬೇಕು. ಎರಡೂ ಅಳತೆಯಾಗಿ ಕೂಡದಿದ್ದರೆ ವಿಮಾನ ಜಾರುತ್ತೆ. ವೇಗ ಕಡಿಮೆ ಇದ್ದಾಗ ಜಾರಿದರೆ ಸ್ಟಾಲ್ ಆಗಿ ಬುಗುರಿಯ ಹಾಗೆ ಸುತ್ತುತ್ತಾ ನೆಲಕ್ಕೆ ಬರುತ್ತೆ. ಆ ಕಾಲದಲ್ಲಿ ಹೀಗೆ ಸತ್ತ ಪೈಲಟ್‌ಗಳಿಗೆ ಲೆಕ್ಕವಿಲ್ಲ. ನನಗೆ ಬರದೇ ಇದ್ದರೆ ಅದು ನನ್ನ ತಪ್ಪಲ್ಲ, ಯಂತ್ರದ ತಪ್ಪು ಅಂತ ಮಿನ್ಯೆ ತೀರ್ಮಾನಿಸಿದ. ಸ್ವಲ್ಪ ಜಂಬದ ಮಾತೇ. ಆದರೆ ಇವತ್ತು ಬಳಕೆದಾರರಿಗೆ ತಕ್ಕ ಡಿಸೈನ್ ಅಂತ ನಾವು ಒಂದಿಡೀ ಪೇಪರ್ ಓದ್ತೀವಲ್ಲ, ಅದರ ತಿರುಳೂ ಇದೇ ತಾನೆ?

9ರಿಂದ 13ರವರೆಗಿನ ಸಂಖ್ಯೆಗಳು ಈ ಹುಡುಕಾಟದಲ್ಲೇ ಕಳೆದವು. ಕೊನೆಗೆ 1933ರಲ್ಲಿ ಉತ್ತರ ಫ್ರಾನ್ಸಿನ ಸ್ವಾಸೋಂ ಪಟ್ಟಣದ ಹತ್ತಿರದ ಒಂದು ಕಾಡಂಚಿನಲ್ಲಿ ಹೆಂಡತಿ ಆನೆಟ್ ಜೊತೆ ಡೇರೆ ಹಾಕಿಕೊಂಡು, ಯಾರ ಕಣ್ಣಿಗೂ ಬೀಳದ ಹಾಗೆ ಎಚ್.ಎಂ. 14ರ ಪರೀಕ್ಷೆ ನಡೆಸಿದ. ಸೆಪ್ಟೆಂಬರ್ 10ರಂದು ಅದು ಹಾರಿತು.

ಈ 14ರ ರೂಪವೇ ವಿಚಿತ್ರ. ಉದ್ದ ಮೂರೂವರೆ ಮೀಟರ್ ಆಸುಪಾಸು, ರೆಕ್ಕೆಯ ಹರವು ಆರು ಮೀಟರ್, ಖಾಲಿ ತೂಕ 100 ಕಿಲೋ ಸುತ್ತಮುತ್ತ. ಪ್ಲೈವುಡ್ಡಿನ ಒಡಲು, ಬಟ್ಟೆ ಹೊದಿಸಿದ ರೆಕ್ಕೆ, ಮುಂದೆ ಮೋಟರ್‌ಸೈಕಲ್ಲಿನ 17 ಅಶ್ವಶಕ್ತಿಯ ಟೂ ಸ್ಟ್ರೋಕ್ ಎಂಜಿನ್. ಹಿಂದೆ ಬಾಲದ ಚಿಕ್ಕ ರೆಕ್ಕೆ ಇಲ್ಲ. ಬದಲಿಗೆ ಎರಡು ದೊಡ್ಡ ರೆಕ್ಕೆಗಳು ಒಂದರ ಹಿಂದೆ ಒಂದು, ಹಿಂದಿನದು ಸ್ವಲ್ಪ ಕೆಳಗೆ. ಏಲರಾನ್ ಇಲ್ಲ, ಪೆಡಲ್ ಇಲ್ಲ. ಇರೋದೊಂದೇ ಸ್ಟಿಕ್. ಅದನ್ನ ಪಕ್ಕಕ್ಕೆ ಒತ್ತಿದರೆ ರಡ್ಡರ್ ತಿರುಗುತ್ತೆ, ರೆಕ್ಕೆಗಳ ತುದಿ ಮೇಲಕ್ಕೆ ಬಾಗಿರೋದರಿಂದ ವಿಮಾನ ತಾನಾಗಿಯೇ ವಾಲಿ ತಿರುಗುತ್ತೆ. ಹಿಂದಕ್ಕೆ ಎಳೆದರೆ ಮುಂದಿನ ಇಡೀ ರೆಕ್ಕೆಯೇ ತನ್ನ ಕೀಲಿನ ಮೇಲೆ ಆಡಿ, ಗಾಳಿಗೆ ಹೆಚ್ಚು ಕೋನ ಕೊಟ್ಟು ಮೂತಿ ಎತ್ತುತ್ತೆ. ಪೂರ್ತಿ ಎಳೆದು ಹಿಡಿದರೂ ಸ್ಟಾಲ್ ಆಗಿ ಸುತ್ತಲ್ಲ, ಮೆಲ್ಲಗೆ ಕುಸಿಯುತ್ತೆ ಅಷ್ಟೇ. ಆತನ ಕೊರಗಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ಹೆಸರು ‘ಪೂ ದ್ಯು ಸಿಯೆಲ್’. ಕನ್ನಡದಲ್ಲಿ ಹೇಳೋದಾದರೆ ಆಕಾಶದ ಹೇನು. ಬೈಗುಳ ಅಲ್ಲ. ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಅಗ್ಗವಾಗಿ ಎಲ್ಲೆಂದರಲ್ಲಿ ಕಾಣಿಸ್ತಿದ್ದರಿಂದ ಅದನ್ನು ಫ್ರಾನ್ಸಿನಲ್ಲಿ ರಸ್ತೆಯ ಹೇನು ಅಂತಿದ್ದರು. ತನ್ನ ವಿಮಾನವೂ ಹಾಗೆ ಎಲ್ಲರ ತಲೆಯ ಮೇಲೆ ಹರಿದಾಡಲಿ ಅನ್ನೋದು ಮಿನ್ಯೆಯ ಆಸೆ. ಇಂಗ್ಲಿಷರು ಹೇನನ್ನು ಚಿಗಟ ಮಾಡಿ ‘ಫ್ಲೈಯಿಂಗ್ ಫ್ಲೀ’ ಅಂದರು. ಅಮೆರಿಕದಲ್ಲಿ ರೇಡಿಯೋ ತಯಾರಿಸುತ್ತಿದ್ದ ಪಾವೆಲ್ ಕ್ರಾಸ್ಲಿ 1935ರಲ್ಲಿ ಒಂದನ್ನ ಕಟ್ಟಿಸಿ ‘ಲಾ ಕುಕರಾಚಾ’ ಅಂದ, ಅಂದ್ರೆ ಜಿರಳೆ. ಹೇನು, ಚಿಗಟ, ಜಿರಳೆ. ಮನೆಯಲ್ಲಿ ಇರಬಾರದ್ದೆಲ್ಲ ಆಕಾಶಕ್ಕೆ ಹೋಯ್ತು.

1934ರ ಕೊನೆಗೆ ಮಿನ್ಯೆಯ ‘ಲ ಸ್ಪೋರ್ ದ ಲೇರ್’ ಪುಸ್ತಕ ಬಂತು. ಅಳತೆ, ಚಿತ್ರ, ಅಂಟು ಹಾಕುವ ಕ್ರಮ, ಎಂಜಿನ್ ಕೂರಿಸೋದು, ಕೊನೆಗೆ ಹಾರೋದನ್ನ ತಾನೇ ಕಲಿಯೋದು ಹೇಗೆ, ಎಲ್ಲ ಅದರಲ್ಲಿತ್ತು. ಸಾಮಾನು ತುಂಬುವ ಮರದ ಪೆಟ್ಟಿಗೆಗೆ ಮೊಳೆ ಹೊಡೆಯೋಕೆ ಬಂದರೆ ಸಾಕು, ವಿಮಾನ ಕಟ್ಟಬಹುದು ಅನ್ನೋದು ಆತನ ಧೋರಣೆ. 1935ರಲ್ಲಿ ಇಂಗ್ಲಿಷ್ ಅನುವಾದ ಬಂದಾಗ ಬ್ರಿಟನ್ನಿನಲ್ಲಿ ಅದು ಬಿಸಿ ದೋಸೆಯ ಹಾಗೆ ಖರ್ಚಾಯ್ತು. ಅದೇ ವರ್ಷ ಆಗಸ್ಟ್ 13ರಂದು ಮಿನ್ಯೆ ತನ್ನ 14ರಲ್ಲಿ ಕೂತು ಇಂಗ್ಲಿಷ್ ಕಾಲುವೆ ದಾಟಿ ಬಂದಿಳಿದ. ಆಮೇಲೆ ಊರೂರಿನಲ್ಲಿ ಪ್ರದರ್ಶನ. ಗ್ಯಾರೇಜು, ಹಿತ್ತಿಲು, ಮನೆಯ ಹಜಾರದಲ್ಲೆಲ್ಲ ಜನ ಗರಗಸ ಹಿಡಿದರು. ಬ್ರಿಟನ್ ಒಂದರಲ್ಲೇ ನೂರಕ್ಕೂ ಹೆಚ್ಚು ಹೇನುಗಳು ನೋಂದಣಿಯಾದವು.

ಸಾವುಗಳು ಶುರುವಾಗಿದ್ದೂ ಆಗಲೇ.

ಫ್ರೆಂಚರ ಕಡೆ, ಬ್ರಿಟಿಷರ ಕಡೆ, ಒಂದರ ಮೇಲೊಂದು ಸುದ್ದಿ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಕಥೆ: ವಿಮಾನ ಮೂತಿ ಕೆಳಗೆ ಮಾಡಿ ಇಳಿಯೋಕೆ ಶುರು ಮಾಡುತ್ತೆ, ಇಳಿಜಾರು ಹೆಚ್ಚುತ್ತಾ ಹೋಗುತ್ತೆ, ಮತ್ತೆ ಮೇಲೆ ಬರೋದೇ ಇಲ್ಲ. ಮೊದಮೊದಲು ತಪ್ಪನ್ನು ಕಟ್ಟಿದವರ ಮೇಲೆ ಹಾಕೋದು ಸುಲಭವಿತ್ತು. ಅಂಟು ಸರಿ ಹಾಕಿಲ್ಲ, ತೂಕ ಜಾಸ್ತಿ, ಹಾರೋಕೆ ಬರ್ತಿರಲಿಲ್ಲ, ಹೀಗೆ. ಕೆಲವು ಕಡೆ ಅದು ನಿಜವೂ ಇದ್ದೀತು. ಆದರೆ 1936ರಲ್ಲಿ ಬ್ರಿಟನ್ನಿನಲ್ಲಿ ಸತ್ತವರಲ್ಲಿ ವಾಯುಪಡೆಯ ಅಧಿಕಾರಿಗಳೂ ಇದ್ದರು. ಅವರಿಗೆ ಹಾರೋಕೆ ಬರಲ್ಲ ಅನ್ನೋ ಹಾಗಿರಲಿಲ್ಲ.

ಹಾಗಾಗಿ ಇಡೀ ವಿಮಾನವನ್ನೇ ತಂದು ವಿಂಡ್ ಟನೆಲ್ಲಿನಲ್ಲಿ ನಿಲ್ಲಿಸಿದರು, ಬ್ರಿಟನ್ನಿನಲ್ಲಿ ಫಾರ್ನ್‌ಬರೋದಲ್ಲಿ, ಫ್ರಾನ್ಸಿನಲ್ಲಿ ಶಾಲೆ ಮ್ಯುದೋಂನಲ್ಲಿ. ಉತ್ತರ ಸಿಕ್ಕಿತು. ಅದು ಓದುವಾಗ ಮೈ ಜುಮ್ ಅನ್ನುತ್ತೆ. ಎರಡು ರೆಕ್ಕೆಗಳ ನಡುವೆ ಒಂದು ಕಿರಿದಾದ ಸಂದು ಇದೆಯಲ್ಲ, ಪೈಲಟ್ ಸ್ಟಿಕ್ ಎಳೆದಾಗ ಮುಂದಿನ ರೆಕ್ಕೆಯ ಹಿಂಬದಿ ಅಂಚು ಕೆಳಗೆ ಬಂದು ಆ ಸಂದು ಇನ್ನೂ ಕಿರಿದಾಗುತ್ತೆ. ಅದರಲ್ಲಿ ನುಗ್ಗುವ ಗಾಳಿಯ ವೇಗ ಹೆಚ್ಚಿ ಹಿಂದಿನ ರೆಕ್ಕೆಯ ಲಿಫ್ಟ್ ಏರುತ್ತೆ. ಹಿಂದೆ ಲಿಫ್ಟ್ ಏರಿದರೆ ಬಾಲ ಮೇಲೆ, ಮೂತಿ ಕೆಳಗೆ. ಮಾಮೂಲಿ ಹಾರಾಟದಲ್ಲಿ ಇದು ಗೊತ್ತೇ ಆಗಲ್ಲ, ಮುಂದಿನ ರೆಕ್ಕೆಯೇ ಗೆಲ್ಲುತ್ತೆ. ಆದರೆ ವಿಮಾನ ಸುಮಾರು ಮೈನಸ್ 15 ಡಿಗ್ರಿ ಕೋನಕ್ಕಿಂತ ಕೆಳಗೆ ಹೋಯ್ತು ಅಂದ್ರೆ ಲೆಕ್ಕ ತಿರುಗಿಬಿಡುತ್ತೆ. ಸ್ಟಿಕ್ ಪೂರ್ತಿ ಹೊಟ್ಟೆಗೆ ಎಳ್ಕೊಂಡರೂ ಮೂತಿ ಎತ್ತುವ ಬಲ ಉಳಿಯಲ್ಲ. ಬದುಕೋದಕ್ಕೆ ಯಾವ ಪೈಲಟ್ ಆದರೂ ಮಾಡುವ ಆ ಒಂದೇ ಕೆಲಸ ಅಲ್ಲಿ ಕೆಲಸಕ್ಕೆ ಬರ್ತಿರಲಿಲ್ಲ. ಸ್ಟಾಲ್‌ನಿಂದ ಜನರನ್ನು ಉಳಿಸೋಕೆ ಹೊರಟ ವಿನ್ಯಾಸ ಅದೇ ರೆಕ್ಕೆಗಳ ಜೋಡಣೆಯಲ್ಲಿ ಇನ್ನೊಂದು ಬಲೆ ಹೆಣೆದಿತ್ತು.

ಪರಿಹಾರ ದೊಡ್ಡದೇನಲ್ಲ. ರೆಕ್ಕೆಗಳ ನಡುವಿನ ಅಂತರ, ಮುಂದಿನ ರೆಕ್ಕೆ ಆಡುವ ಮಿತಿ, ಭಾರದ ಕೇಂದ್ರದ ಜಾಗ, ಇಷ್ಟನ್ನು ತಿದ್ದಿದರೆ ಹೇನು ಸಾಧುವಾಗುತ್ತೆ. ಫ್ರಾನ್ಸಿನ ಪರೀಕ್ಷೆಗಳಲ್ಲಿ ಮಿನ್ಯೆ ತಾನೇ ನಿಂತು ತಿದ್ದಿದ. ಆದರೆ ಬ್ರಿಟನ್ನಿನಲ್ಲಿ 1936ರಲ್ಲೇ ಹೊಸ ಪರವಾನಗಿ ನಿಂತಿತು, ಹುಚ್ಚು ಇಳಿಯಿತು. ಆಗಸ್ಟ್‌ನಲ್ಲಿ ರಾಮ್ಸ್‌ಗೇಟಿನಲ್ಲಿ ಹೇನುಗಳದ್ದೇ ಒಂದು ರೇಸ್ ನಡೆಯಿತು. ಅಷ್ಟರಲ್ಲಾಗಲೇ ಜಾತ್ರೆ ಮುಗಿದ ಮೈದಾನದ ಹಾಗಾಗಿತ್ತು.

ಇಲ್ಲಿ ನನ್ನನ್ನು ಕಾಡುವುದು ಸಂಖ್ಯೆಯ ವಿಷಯ. ಒಂಬತ್ತು ಸರಿ ಬರದಿದ್ದಾಗ ಹತ್ತು, ಹೀಗೆ ಪ್ರತಿ ಸೋಲಿಗೂ ಬೇರೆ ನಂಬರ್ ಕೊಟ್ಟ ಮನುಷ್ಯ ಈತ. ಆದರೆ 14 ಪುಸ್ತಕವಾಗಿ ಮನೆಮನೆಗೆ ಹೋದ ಮೇಲೆ ಆ ಲೆಕ್ಕ ಕೈತಪ್ಪಿತು. ಒಬ್ಬ ರೆಕ್ಕೆ ಉದ್ದ ಮಾಡಿದ, ಇನ್ನೊಬ್ಬ ಗಿಡ್ಡ ಮಾಡಿದ, ಮತ್ತೊಬ್ಬ ಸಿಕ್ಕಿದ ಭಾರದ ಎಂಜಿನ್ ಕೂರಿಸಿದ. ಎಲ್ಲದರ ಹೆಸರೂ ಎಚ್.ಎಂ. 14. ಒಂದು ಡ್ರಾಯಿಂಗ್ ತಿದ್ದಿದರೆ ಶೀಟಿನ ಮೂಲೆಯಲ್ಲಿ ರಿವಿಷನ್ ಬರೀರಿ ಅಂತ ಲ್ಯಾಬಿನಲ್ಲಿ ಗೊಣಗ್ತಾರಲ್ಲ, ಆಗ ನಮಗೆ ಅದು ಗುಮಾಸ್ತರ ಕೆಲಸ ಅನಿಸುತ್ತೆ. ಸಂದು ಇಷ್ಟು ಸೆಂಟಿಮೀಟರ್ ಇದ್ದ 14 ಯಾವುದು, ಅಷ್ಟು ಇದ್ದ 14 ಯಾವುದು ಅನ್ನೋದು ಹೆಸರಿನಿಂದ ತಿಳಿಯದೇ ಹೋದಾಗ, ತಿದ್ದುಪಡಿ ಬಂದ ಮೇಲೂ ಹಳೆಯ ಪುಸ್ತಕ ಹಿಡಿದವನ ಕೈಗೆ ಅದು ತಲುಪೋದು ಹೇಗೆ? ಮಿನ್ಯೆಯನ್ನು ಕೊಲೆಗಾರ ಅನ್ನೋದು ಅನ್ಯಾಯ. ಅವನದೇನೂ ತಪ್ಪಿಲ್ಲ ಅನ್ನೋದೂ ಒಪ್ಪುವ ಮಾತಲ್ಲ. ತಾನೊಬ್ಬನೇ ಹಾರುವ ವಿಮಾನವನ್ನು ಕಾಡಂಚಿನಲ್ಲಿ ಪರೀಕ್ಷಿಸೋದು ಬೇರೆ, ಸಾವಿರಾರು ಜನಕ್ಕೆ ಅಳತೆ ಕೊಡೋದು ಬೇರೆ. ವಿಂಡ್ ಟನೆಲ್ ಪರೀಕ್ಷೆ ಪುಸ್ತಕಕ್ಕಿಂತ ಮೊದಲು ಆಗಬೇಕಿತ್ತು.

ಮುಂದಿನ ಸಂಖ್ಯೆಗಳು ಈ ಪಾಡನ್ನು ಹೊತ್ತೇ ಬರ್ತವೆ. ಎಚ್.ಎಂ. 18ಕ್ಕೆ ಮುಚ್ಚಿದ ಕ್ಯಾಬಿನ್ ಬಂತು. ಅಷ್ಟರ ನಂತರ ಒಂದು ಬದಲಾವಣೆ ಕಾಣಿಸುತ್ತೆ: ಎರಡಂಕಿ ಹೋಗಿ ಮೂರಂಕಿ ಬರುತ್ತೆ, 210, 280, 290, 360, 380. ಪಟ್ಟಿ ಮೊದಲ ಸಲ ನೋಡಿದವರು ಈತ ಮುನ್ನೂರ ಎಂಬತ್ತು ವಿಮಾನ ಮಾಡಿದನಾ ಅಂತ ಬೆರಗಾಗ್ತಾರೆ. ಹಾಗಲ್ಲ. ಕೊನೆಯ ಸೊನ್ನೆಯನ್ನು ತೆಗೆದು ಓದಿ, 21, 28, 29, 36, 38. ಆ ಸೊನ್ನೆಯ ಜಾಗ ಇರೋದು ಆಮೇಲಿನ ರೂಪಗಳಿಗೆ. 290 ತಿದ್ದುತ್ತಾ ಹೋಗಿ 293 ಆಯ್ತು, 296 ಆಯ್ತು. 14ಕ್ಕೆ ಇಲ್ಲದಿದ್ದ ಆ ಒಂದು ಜಾಗ ಈಗ ಹೆಸರಿನಲ್ಲೇ ಕೂತಿತ್ತು.

280ರ ಕಥೆಯೂ ಚಿಕ್ಕದಾಗಿ ಹೇಳ್ತೀನಿ. ಎರಡನೇ ಮಹಾಯುದ್ಧದ ಕೊನೆಗೆ, ಜರ್ಮನ್ನರ ವಿರುದ್ಧ ಒಳಗೊಳಗೇ ಹೋರಾಡ್ತಿದ್ದ ಫ್ರೆಂಚ್ ಪಡೆಗಳಿಗೆ ಅಂತ ರೂಪಿಸಿದ ಹೇನು ಅದು, ಹೆಸರು ‘ಪೂ ಮಾಕಿ’. ಯುದ್ಧವಾದ ಮೇಲೆ ಬಂದ ಒಬ್ಬರು ಕೂರುವ 290 ಮತ್ತು ಅದರ ತಮ್ಮಂದಿರು, ಇಬ್ಬರು ಕೂರುವ 380, ಇವೆಲ್ಲ ಮನೆಯಲ್ಲಿ ಕಟ್ಟುವವರ ಕೈಯಲ್ಲಿ ಚೆನ್ನಾಗಿಯೇ ಹಾರಿದವು. ಮಿನ್ಯೆ ಮಾತ್ರ ಒಂದು ಕಡೆ ನಿಲ್ಲಲಿಲ್ಲ. ಅರ್ಜೆಂಟೀನಾ, ಜಪಾನ್, ಮೊರಾಕ್ಕೊ ಅಂತ ಅಲೆದ, ಹೋದಲ್ಲೆಲ್ಲ ಹೇನು ಸಾಕುವ ಪ್ರಯತ್ನ. ದುಡ್ಡು ಮಾಡಿದ ಹಾಗೆ ಕಾಣಲ್ಲ. ಯುದ್ಧದ ನಂತರ ಫ್ರಾನ್ಸಿನ ಹವ್ಯಾಸಿ ವಿಮಾನ ನಿರ್ಮಾಪಕರು ಕಟ್ಟಿಕೊಂಡ ಸಂಘಕ್ಕೆ ಆತನ ಪುಸ್ತಕದ ಹೆಸರೇ ಸೇರಿಕೊಂಡಿತು. 1965ರ ಆಗಸ್ಟ್ ಕೊನೆಯಲ್ಲಿ, ಬೋರ್ಡೋ ನಗರದ ಪಕ್ಕದ ಪೆಸಾಕ್‌ನಲ್ಲಿ ಆತ ತೀರಿಕೊಂಡ.

ಇವತ್ತು ಮೂಲ 14ಗಳನ್ನು ನೋಡಬೇಕು ಅಂದ್ರೆ ಮ್ಯೂಸಿಯಮ್ಮಿಗೆ ಹೋಗಬೇಕು. ಕ್ರಾಸ್ಲಿಯ ಜಿರಳೆ ಅಮೆರಿಕದ ಸ್ಮಿತ್ಸೋನಿಯನ್‌ನಲ್ಲಿದೆ, ಇಂಗ್ಲೆಂಡಿನ ಶಟಲ್‌ವರ್ತ್ ಸಂಗ್ರಹದಲ್ಲೂ ಒಂದಿದೆ. ಮಗ ಪಿಯೆರ್ 1980ರ ದಶಕದಲ್ಲಿ ಅಪ್ಪನ ಕೆಲಸ ಮುಂದುವರಿಸಿ ಇಬ್ಬರು ಅಕ್ಕಪಕ್ಕ ಕೂರುವ ಒಂದು ಮೈಕ್ರೋಲೈಟ್ ಮಾಡಿದ. ಹೆಸರು ‘ಬಾಲೆರಿ’. ಸಂಖ್ಯೆ ಮಾತ್ರ ಅಪ್ಪನ ಲೆಕ್ಕವನ್ನೆಲ್ಲ ಹಾರಿ ಒಮ್ಮೆಗೇ ಎಚ್.ಎಂ. 1000ಕ್ಕೆ ಹೋಯ್ತು. ಎಂಜಿನ್ ಹಿಂದಕ್ಕೆ ಹೋಗಿದೆ, ಒಡಲು ಲೋಹದ ಕೊಳವೆಯದು. ರೆಕ್ಕೆಗಳು ಮಾತ್ರ ಈಗಲೂ ಒಂದರ ಹಿಂದೆ ಒಂದು, ಮುಂದಿನದು ಈಗಲೂ ಕೀಲಿನ ಮೇಲೆ ಆಡುತ್ತೆ.