ವಕೀಲಿ ಕಾಯಕ, ವಚನ ದಾಸೋಹ: ಡಾ. ಫ. ಗು. ಹಳಕಟ್ಟಿಯವರ ಬದುಕು

ವಕೀಲರ ಮನೆತನವೊಂದು ಬೆಳೆಯಿತೆಂದರೆ ಕಕ್ಷಿದಾರರು ಹೆಚ್ಚಿದರು, ಮನೆ-ಹೊಲಗಳು ಕೂಡಿಬಂದವು ಎಂದೇ ಲೋಕ ಗ್ರಹಿಸುತ್ತದೆ. ರಾಯಚೂರು, ದೇವದುರ್ಗ, ಮಾನ್ವಿಗಳಲ್ಲಿಯೂ ತಂದೆಯ ವಕೀಲಿಯನ್ನು ಮಕ್ಕಳು, ಮೊಮ್ಮಕ್ಕಳು ಮುಂದುವರಿಸಿಕೊಂಡು ಬಂದಿರುವ ಮನೆತನಗಳುಂಟು. ಈ ವೃತ್ತಿಯ ಬೆಳವಣಿಗೆಗೆ ಬೇರೆಯೇ ಅರ್ಥವನ್ನು ಬದುಕಿ ತೋರಿದವರು ವಚನ ಪಿತಾಮಹ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಅವರು ಜನಿಸಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು. ಮುಂಬಯಿಯಲ್ಲಿ ಪದವಿ ಪಡೆದು, 1904ರಲ್ಲಿ ಕಾನೂನು ಪರೀಕ್ಷೆಯಲ್ಲಿ ತೇರ್ಗಡೆಯಾದ ಹಳಕಟ್ಟಿಯವರು ಬೆಳಗಾವಿಯಲ್ಲಿ ವಕೀಲಿ ಆರಂಭಿಸಿದರು. ಸೋದರಮಾವನೂ ಮಾವನೂ ಆಗಿದ್ದ ತಮ್ಮಣ್ಣಪ್ಪ ಚಿಕ್ಕೋಡಿಯವರು ಅಲ್ಲಿ ಇದೇ ವೃತ್ತಿಯಲ್ಲಿದ್ದರು. ಅನಂತರ ವಿಜಯಪುರಕ್ಕೆ ಬಂದು ನೆಲೆಸಿದ ಅವರು ಆ ನಗರವನ್ನೇ ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡರು.

ಕಕ್ಷಿದಾರರಾಗಿ ಬರುವ ರೈತಾಪಿ ಜನರ ಸಾಲ, ಅನಕ್ಷರತೆಗಳನ್ನು ವಕೀಲರಾದವರು ಹತ್ತಿರದಿಂದ ಕಾಣುತ್ತಾರೆ. ಹಳಕಟ್ಟಿಯವರು ಕಂಡು ಸುಮ್ಮನಾಗಲಿಲ್ಲ. ವಿದ್ಯೆಗಾಗಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನೂ, ಹಣಕಾಸಿನ ನೆರವಿಗಾಗಿ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಸ್ಥಾಪಿಸುವಲ್ಲಿ ಮುಂದಾಳುಗಳಾದರು.

ರಬಕವಿಯ ಮನೆಯೊಂದರಲ್ಲಿ ಕಂಡ ತಾಳೆಗರಿಯ ಹಸ್ತಪ್ರತಿಗಳು ಅವರ ಬದುಕಿನ ದಿಕ್ಕನ್ನೇ ಬದಲಿಸಿದವು. ಮನೆಮನೆಗಳ ಪೂಜೆಯ ಜಗುಲಿಯಲ್ಲಿ, ಅಟ್ಟದಲ್ಲಿ ಸವೆಯುತ್ತಿದ್ದ ಶರಣರ ವಚನಗಳನ್ನು ಅರಸಿ ಅವರು ಊರೂರು ಅಲೆದರು. ದಾವೆಯ ಕಾಗದಪತ್ರಗಳಲ್ಲಿ ಪಳಗಿದ ಕಣ್ಣು ಹಸ್ತಪ್ರತಿಗಳ ಪಾಠಭೇದಗಳನ್ನು ಪರಿಶೀಲಿಸಿತು. 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ವಚನ ಶಾಸ್ತ್ರ ಸಾರದ ಮೊದಲ ಭಾಗ ಅಚ್ಚಾಯಿತು. ಪರರ ಮುದ್ರಣಾಲಯವನ್ನೇ ನಂಬಿದರೆ ಕೆಲಸ ಸಾಗದೆಂದು ಅರಿತ ಅವರು ಸ್ವಂತ ಮನೆಯನ್ನು ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಆರಂಭಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಹೊರಬಂದವು. 1926ರ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಆಗ ನಮ್ಮ ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಕೋರ್ಟು ಕಚೇರಿಗಳ ವ್ಯವಹಾರ ಉರ್ದುವಿನಲ್ಲಿ ನಡೆಯುತ್ತಿತ್ತು. ಅಂಥ ದಿನಗಳಲ್ಲಿ ಶರಣರ ಮಾತು ಅಚ್ಚ ಕನ್ನಡದಲ್ಲಿ ಅಚ್ಚಾಗಿ ದೊರೆಯುವಂತಾದುದು ಸಾಮಾನ್ಯ ಸಂಗತಿಯಲ್ಲ.

ಲಿಂಗಸುಗೂರು ತಾಲೂಕಿನ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ ನಮ್ಮ ನೆಲದ ಶರಣೆ. ಪತಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದ ತಾಯಿ ಆಕೆ. ಬೇಕಾದಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಸಮಾಜಕ್ಕೆ ಒಪ್ಪಿಸುವ ಆ ತತ್ತ್ವವನ್ನು ಹಳಕಟ್ಟಿಯವರು ಅಚ್ಚು ಹಾಕಿಸಿದ್ದಷ್ಟೇ ಅಲ್ಲ, ಆಚರಿಸಿದರು. ಬೇಕಾದುದನ್ನೂ ಕೊಟ್ಟುಬಿಟ್ಟರು ಎಂದರೂ ತಪ್ಪಾಗದು. ಕೈತುಂಬ ಗಳಿಸಬಹುದಾಗಿದ್ದ ವಕೀಲರು ಇಳಿವಯಸ್ಸಿನಲ್ಲಿ ಬಡತನವನ್ನು ಉಂಡರು. ಆ ಹೊರೆಯನ್ನು ಪತ್ನಿ ಭಾಗೀರಥಿಯವರೂ ಹೊತ್ತರೆಂಬುದನ್ನು ಮರೆಯಲಾಗದು.

ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1964ರ ಜೂನ್ 29ರಂದು ಅವರು ವಿಜಯಪುರದಲ್ಲಿ ಲಿಂಗೈಕ್ಯರಾದರು. ಅವರು ನೆಟ್ಟ ಬಿ.ಎಲ್.ಡಿ.ಇ. ಸಂಸ್ಥೆ ಮುಂದೆ ವೈದ್ಯಕೀಯ ಕಾಲೇಜನ್ನು ಕಂಡಿತು. 2008ರಲ್ಲಿ ವಿಶ್ವವಿದ್ಯಾಲಯವೂ ಆಯಿತು. ಸ್ವಂತ ಮನೆ ಉಳಿಯಲಿಲ್ಲ. ಆದರೆ ಸಾವಿರಾರು ಮನೆಗಳಲ್ಲಿ ವಿದ್ಯೆಯ ದೀಪ ಹೊತ್ತಿತು.

ವೃತ್ತಿಯನ್ನು ಮಕ್ಕಳಿಗೆ ಬಿಟ್ಟುಹೋಗುವುದು ಒಳ್ಳೆಯದೇ. ಅದರೊಡನೆ ದುಡಿಮೆಯ ಒಂದು ಪಾಲು ಸಮಾಜದ್ದೆಂಬ ಅರಿವನ್ನೂ ಬಿಟ್ಟುಹೋದಾಗ ಮಾತ್ರ ಮನೆತನ ನಿಜವಾಗಿ ಬೆಳೆಯುತ್ತದೆ. ನ್ಯಾಯವಾದಿಗಳಾಗಿರುವ ನಮ್ಮ ಸದ್ಭಕ್ತರು, ಅವರ ಮಕ್ಕಳು ಈ ಹಿರಿಯರ ಬದುಕನ್ನು ಒಮ್ಮೆ ಮನನ ಮಾಡಲಿ.